ಎಲಿಮೆಂಟರಿ ಶಾಲೆಯ ಟೆಸ್ಟ್ ಸ್ಕೋರನ್ನು ಓದುವುದು ಹೇಗೆ?

ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾಗೆ ಹೋಗುವ ಕುಟುಂಬಗಳು ಮನೆ ಹುಡುಕುವಾಗ ಬಾಡಿಗೆಗಿಂತ ಮೊದಲು ಕೇಳುವ ಪ್ರಶ್ನೆ ಒಂದಿದೆ. "ಅಲ್ಲಿ ಸ್ಕೂಲ್ ರೇಟಿಂಗ್ ಎಷ್ಟು?" ಫ್ರೀಮಾಂಟ್, ಕ್ಯುಪರ್ಟಿನೊ, ಸ್ಯಾನ್ ರಮೋನ್ ಕಡೆ ಇರುವ ಕನ್ನಡಿಗರ ಮಾತಿನಲ್ಲಿ ಇದು ಬಂದೇ ಬರುತ್ತದೆ. ಕಾರಣವೂ ಇದೆ. ಅಲ್ಲಿ ಸಾಮಾನ್ಯವಾಗಿ ಮನೆಯ ವಿಳಾಸ ನೋಡಿ ಸರ್ಕಾರಿ ಶಾಲೆ ನಿಗದಿಯಾಗುತ್ತದೆ. ಜಿಲ್ಲೋ, ರೆಡ್‌ಫಿನ್ ತರಹದ ಮನೆ ಮಾರುವ ಸೈಟುಗಳಲ್ಲಿ ಪ್ರತಿ ಮನೆಯ ಜೊತೆಗೂ ಆ ಭಾಗದ ಶಾಲೆಗೆ ಹತ್ತಕ್ಕೆ ಎಷ್ಟು ಎಂದು ತೋರಿಸುತ್ತಾರೆ. ಗ್ರೇಟ್‌ಸ್ಕೂಲ್ಸ್ ಎಂಬ ಸಂಸ್ಥೆ ಕೊಡುವ ಈ ರೇಟಿಂಗಿಗೆ ರಾಜ್ಯ ಸರ್ಕಾರ ನಡೆಸುವ ಟೆಸ್ಟಿನ ಅಂಕಗಳೇ ದೊಡ್ಡ ಆಧಾರ. 9 ಇದ್ದರೆ ಒಳ್ಳೆಯ ಶಾಲೆ, 5 ಇದ್ದರೆ ಬೇಡ ಎಂದು ಅಲ್ಲಿಗೇ ತೀರ್ಮಾನ ಮುಗಿಯುತ್ತದೆ. ಅದನ್ನು ನಂಬಿ ಜನ ಮೂವತ್ತು ವರ್ಷದ ಸಾಲ ಮಾಡುತ್ತಾರೆ.

ಆ ಅಂಕಿ ಸುಳ್ಳಲ್ಲ. ಆದರೆ ಅದನ್ನು ನಾವು ಶಾಲೆಯ ಪಾಠದ ಅಳತೆ ಎಂದು ಓದುತ್ತೇವೆ. ಅದರಲ್ಲಿ ಹೆಚ್ಚಿನ ಪಾಲು ಶಾಲೆಗೆ ಬರುವ ಮಕ್ಕಳ ಮನೆಯ ಸ್ಥಿತಿಯ ಅಳತೆ. ಎರಡನ್ನೂ ಬಿಡಿಸಿ ನೋಡಬೇಕಾದರೆ ಟೆಸ್ಟ್ ಹೇಗೆ ನಡೆಯುತ್ತದೆ, ಅಂಕ ಹೇಗೆ ಹುಟ್ಟುತ್ತದೆ ಎಂದು ಸ್ವಲ್ಪ ತಿಳಿದಿರಬೇಕು.

ಟೆಸ್ಟ್ ಅಂದರೆ ಏನು

2015ರಿಂದ ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಗಳಲ್ಲಿ ನಡೆಯುತ್ತಿರುವ ಟೆಸ್ಟಿನ ಹೆಸರು ಸ್ಮಾರ್ಟರ್ ಬ್ಯಾಲೆನ್ಸ್ಡ್. ಎಲಿಮೆಂಟರಿ ಶಾಲೆಯಲ್ಲಿ 3, 4, 5ನೇ ಕ್ಲಾಸಿನ ಮಕ್ಕಳು ಇಂಗ್ಲಿಷ್ ಮತ್ತು ಗಣಿತದಲ್ಲಿ ಇದನ್ನು ಬರೆಯುತ್ತಾರೆ. 5ನೇ ಕ್ಲಾಸಿನಲ್ಲಿ ವಿಜ್ಞಾನವೂ ಇರುತ್ತದೆ, ಅದು ಬೇರೆ ಟೆಸ್ಟ್. ಒಂದು, ಎರಡನೇ ಕ್ಲಾಸಿನವರಿಗೆ ಇದ್ಯಾವುದೂ ಇಲ್ಲ. ಅಂದರೆ ಓದಲು, ಕೂಡಲು, ಕಳೆಯಲು ಕಲಿಸುವ ಆ ಮೊದಲ ವರ್ಷಗಳ ಪಾಠ ಈ ಅಂಕಿಯಲ್ಲಿ ನೇರವಾಗಿ ಎಲ್ಲೂ ಕಾಣುವುದಿಲ್ಲ.

ಟೆಸ್ಟ್ ಬರೆಯುವುದು ಕಂಪ್ಯೂಟರಿನಲ್ಲಿ. ಸಮಯದ ಮಿತಿ ಇಲ್ಲ. ಮಗು ಸರಿ ಉತ್ತರ ಕೊಟ್ಟರೆ ಮುಂದಿನ ಪ್ರಶ್ನೆ ಕಷ್ಟದ್ದು ಬರುತ್ತದೆ, ತಪ್ಪು ಕೊಟ್ಟರೆ ಸುಲಭದ್ದು. ಹಾಗಾಗಿ ಪಕ್ಕದಲ್ಲಿ ಕೂತ ಇಬ್ಬರಿಗೂ ಒಂದೇ ಪ್ರಶ್ನೆಗಳು ಇರುವುದಿಲ್ಲ. "ನೂರಕ್ಕೆ ಎಷ್ಟು ತೆಗೆದೆ?" ಎಂಬ ನಮ್ಮ ಪ್ರಶ್ನೆಗೆ ಇಲ್ಲಿ ಉತ್ತರವೇ ಇಲ್ಲ. ಯಾವ ಕಷ್ಟದ ಪ್ರಶ್ನೆಯವರೆಗೆ ಮಗು ಹೋಗಬಲ್ಲದು ಎಂದು ಲೆಕ್ಕ ಹಾಕಿ 2000ದಿಂದ ಮೇಲಿನ ಒಂದು ಸಂಖ್ಯೆ ಕೊಡುತ್ತಾರೆ. ಉದಾಹರಣೆಗೆ 2450.

ನಮ್ಮೂರಿನವರಿಗೆ ಇನ್ನೊಂದು ಮಾತು ಒತ್ತಿ ಹೇಳಬೇಕು. ಇದರಲ್ಲಿ ಪಾಸು, ಫೇಲು ಇಲ್ಲ. ಮಗು ಮುಂದಿನ ಕ್ಲಾಸಿಗೆ ಹೋಗುತ್ತದೋ ಇಲ್ಲವೋ ಎಂಬುದನ್ನು ಈ ಟೆಸ್ಟ್ ನಿರ್ಧರಿಸುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಪರೀಕ್ಷೆ ನಡೆಯುವುದು ಮಗುವಿಗೆ, ಜಿಲ್ಲೆಗಳ ಪಟ್ಟಿ ಆಮೇಲಿನ ಸುದ್ದಿ. ಇಲ್ಲಿ ಮಗು ಬರೆದರೂ ಲೆಕ್ಕಕ್ಕೆ ಸಿಗುವುದು ಶಾಲೆ. 2002ರ ಜನವರಿಯಲ್ಲಿ ಬಂದ ನೋ ಚೈಲ್ಡ್ ಲೆಫ್ಟ್ ಬಿಹೈಂಡ್ ಕಾನೂನು 3ರಿಂದ 8ನೇ ಕ್ಲಾಸಿನವರೆಗೆ ಪ್ರತಿ ವರ್ಷ ಟೆಸ್ಟ್ ಕಡ್ಡಾಯ ಮಾಡಿತು. 2015ರ ಡಿಸೆಂಬರಿನಲ್ಲಿ ಅದರ ಜಾಗಕ್ಕೆ ಬಂದ ಹೊಸ ಕಾನೂನೂ ಆ ಪದ್ಧತಿಯನ್ನು ಉಳಿಸಿಕೊಂಡಿದೆ.

ಗಡಿ ದಾಟಿದವರ ಲೆಕ್ಕ

ಮಗುವಿನ ಅಂಕವನ್ನು ನಾಲ್ಕು ಮಟ್ಟಗಳಾಗಿ ವಿಂಗಡಿಸುತ್ತಾರೆ. ಮೂರನೇ ಮಟ್ಟಕ್ಕೆ ಬಂದರೆ ಆ ಕ್ಲಾಸಿಗೆ ಬೇಕಾದಷ್ಟು ಕಲಿತಿದೆ ಎಂದರ್ಥ. 3ನೇ ಕ್ಲಾಸಿನ ಗಣಿತದಲ್ಲಿ ಈ ಗಡಿ 2436. 4ನೇ ಕ್ಲಾಸಿಗೆ 2485, 5ನೇ ಕ್ಲಾಸಿಗೆ 2528. ಇಂಗ್ಲಿಷಿನಲ್ಲಿ 2432, 2473, 2502. ಗಡಿ ವರ್ಷ ವರ್ಷ ಮೇಲೇರುತ್ತದೆ. ಹಾಗಾಗಿ ಕಳೆದ ವರ್ಷ ಗಣಿತದಲ್ಲಿ ಸರಿಯಾಗಿ ಗಡಿಯಲ್ಲಿದ್ದ ಮಗು 30 ಅಂಕ ಜಾಸ್ತಿ ತೆಗೆದರೂ ಈ ವರ್ಷ ಗಡಿಯ ಕೆಳಗೆ ಬೀಳಬಹುದು. ಮಗು ಕಲಿತಿಲ್ಲ ಎಂದಲ್ಲ, ಗಡಿ ಓಡಿದ ವೇಗದಲ್ಲಿ ಕಲಿತಿಲ್ಲ ಅಷ್ಟೇ.

ಶಾಲೆಯ ಹೆಸರಿನ ಮುಂದೆ ಕಾಣುವ "ಶೇ. 62" ಎಂಬುದು ಹುಟ್ಟುವುದು ಇಲ್ಲಿಂದಲೇ. ನೂರು ಮಕ್ಕಳಲ್ಲಿ ಎಷ್ಟು ಮಂದಿ ಮೂರನೇ ಮಟ್ಟ ಅಥವಾ ಅದಕ್ಕಿಂತ ಮೇಲೆ ಇದ್ದಾರೆ ಎಂಬ ಲೆಕ್ಕ ಅದು. 62 ಅಂಕ ಎಂದು ಓದಬಾರದು. ತುಂಬಾ ಜನ ಹಾಗೇ ಓದುತ್ತಾರೆ.

ರಾಜ್ಯದ ಸರಾಸರಿ ಗೊತ್ತಿದ್ದರೆ ಹೋಲಿಸಲು ಅನುಕೂಲ. 2019ರಲ್ಲಿ ಇಡೀ ಕ್ಯಾಲಿಫೋರ್ನಿಯಾದಲ್ಲಿ ಇಂಗ್ಲಿಷಿನಲ್ಲಿ ಶೇ. 51, ಗಣಿತದಲ್ಲಿ ಸುಮಾರು ಶೇ. 40 ಮಕ್ಕಳು ಗಡಿ ದಾಟಿದ್ದರು. 2020ರ ವಸಂತದಲ್ಲಿ ಕೊರೊನಾ ಕಾರಣಕ್ಕೆ ಟೆಸ್ಟ್ ನಡೆಯಲಿಲ್ಲ. 2022ರಲ್ಲಿ ಇಂಗ್ಲಿಷ್ ಶೇ. 47ಕ್ಕೆ, ಗಣಿತ ಶೇ. 33ಕ್ಕೆ ಇಳಿದಿತ್ತು. 2024ರ ಹೊತ್ತಿಗೆ ಗಣಿತ ಶೇ. 35.5ಕ್ಕೆ ಬಂತು, ಇಂಗ್ಲಿಷ್ ಶೇ. 47ರಲ್ಲೇ ಇತ್ತು. ಅಂದರೆ ಶೇ. 50 ಇರುವ ಶಾಲೆಯನ್ನು "ಅರ್ಧಕ್ಕರ್ಧ ಮಕ್ಕಳು ಫೇಲು" ಎಂದು ತಳ್ಳಿಹಾಕುವವರು ರಾಜ್ಯದ ಸರಾಸರಿಗಿಂತ ಮೇಲಿರುವ ಶಾಲೆಯನ್ನು ತಳ್ಳಿಹಾಕುತ್ತಿದ್ದಾರೆ.

ಈ ಶೇಕಡಾ ಲೆಕ್ಕದಲ್ಲಿ ಒಂದು ದೊಡ್ಡ ತೊಡಕಿದೆ. ಎರಡು ಶಾಲೆ ಊಹಿಸಿಕೊಳ್ಳಿ. ಒಂದರಲ್ಲಿ 3ನೇ ಕ್ಲಾಸಿನ ಗಣಿತದಲ್ಲಿ 2430 ತೆಗೆಯುವಂತಿದ್ದ ಹತ್ತು ಮಕ್ಕಳನ್ನು ಮೇಷ್ಟ್ರು 2440ಕ್ಕೆ ತಂದರು. ಹತ್ತು ಅಂಕದ ಕಲಿಕೆ, ಆದರೆ ಹತ್ತೂ ಮಕ್ಕಳು ಗಡಿ ದಾಟಿದರು. ಶೇಕಡಾ ಜಿಗಿಯಿತು. ಇನ್ನೊಂದು ಶಾಲೆಯಲ್ಲಿ 2300ರಲ್ಲಿದ್ದ ಹತ್ತು ಮಕ್ಕಳನ್ನು 2400ಕ್ಕೆ ತಂದರು. ನೂರು ಅಂಕ! ಎರಡು ವರ್ಷಕ್ಕೆ ಗಡಿ ಏರುವುದೇ 92. ಆದರೆ ಅವರ್ಯಾರೂ ಗಡಿ ದಾಟಲಿಲ್ಲ. ಶೇಕಡಾ ಇದ್ದಲ್ಲೇ ಇತ್ತು. ಯಾವ ಶಾಲೆಯ ಟೀಚರುಗಳು ಹೆಚ್ಚು ದುಡಿದರು?

ಕ್ಯಾಲಿಫೋರ್ನಿಯಾ ಇದಕ್ಕೆ ಸ್ವಲ್ಪ ಪರಿಹಾರ ಕಂಡುಕೊಂಡಿದೆ. 2017ರಲ್ಲಿ ಶುರುವಾದ ಡ್ಯಾಶ್‌ಬೋರ್ಡ್ ಎಂಬ ಸರ್ಕಾರಿ ಸೈಟಿನಲ್ಲಿ ಶೇಕಡಾ ಬದಲು "ಗಡಿಯಿಂದ ಎಷ್ಟು ದೂರ" ಎಂಬ ಸರಾಸರಿ ಇರುತ್ತದೆ. ಪ್ರತಿ ಮಗುವೂ ಗಡಿಗಿಂತ ಎಷ್ಟು ಅಂಕ ಮೇಲೆ ಅಥವಾ ಕೆಳಗೆ ಇದೆ ಎಂದು ನೋಡಿ ಸರಾಸರಿ ತೆಗೆಯುತ್ತಾರೆ. ಅಲ್ಲಿ ಎರಡನೇ ಶಾಲೆಯ ದುಡಿಮೆ ಕಾಣುತ್ತದೆ. ಈಗಿನ ಮಟ್ಟ ಮತ್ತು ಹಿಂದಿನ ವರ್ಷಕ್ಕಿಂತ ಆದ ಬದಲಾವಣೆ ಎರಡನ್ನೂ ಸೇರಿಸಿ ಕೆಂಪಿನಿಂದ ನೀಲಿಯವರೆಗೆ ಐದು ಬಣ್ಣಗಳಲ್ಲಿ ಒಂದನ್ನು ಕೊಡುತ್ತಾರೆ. ನನ್ನ ಮಟ್ಟಿಗೆ ಹತ್ತಕ್ಕೆ ಎಷ್ಟು ಎಂಬ ರೇಟಿಂಗಿಗಿಂತ ಇದು ಎಷ್ಟೋ ಮೇಲು.

ಮನೆಯ ಪಾಲು ಎಷ್ಟು

ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಶಾನ್ ರಿಯರ್ಡನ್ ಮತ್ತು ಅವರ ತಂಡ ಅಮೆರಿಕದ ಸಾವಿರಾರು ಶಾಲಾ ಜಿಲ್ಲೆಗಳ (ಒಂದು ಭಾಗದ ಸರ್ಕಾರಿ ಶಾಲೆಗಳನ್ನು ಒಟ್ಟಿಗೆ ನಡೆಸುವ ಆಡಳಿತ) ಟೆಸ್ಟ್ ಅಂಕಗಳನ್ನು ಒಂದೇ ಅಳತೆಗೆ ತಂದು ನೋಡಿದರು. ಅಂಕಗಳ ಸರಾಸರಿ ಆ ಜಿಲ್ಲೆಯ ಕುಟುಂಬಗಳ ಆದಾಯ, ಓದು, ಉದ್ಯೋಗದ ಜೊತೆ ತುಂಬಾ ಬಿಗಿಯಾಗಿ ಹೆಣೆದುಕೊಂಡಿದೆ ಎಂದು ಅದರಲ್ಲಿ ಕಂಡಿತು. ಅನುಕೂಲಸ್ಥರ ಜಿಲ್ಲೆಯಲ್ಲಿ ಹೆಚ್ಚು, ಬಡವರ ಜಿಲ್ಲೆಯಲ್ಲಿ ಕಡಿಮೆ. ಇದು ಯಾರಿಗಾದರೂ ಅಂದಾಜಿಗೆ ಸಿಗುವ ಸಂಗತಿ. ಅಚ್ಚರಿ ಮುಂದಿನದು. ಒಂದು ಕ್ಲಾಸಿನಿಂದ ಮುಂದಿನ ಕ್ಲಾಸಿಗೆ ಮಕ್ಕಳು ಎಷ್ಟು ಬೆಳೆದರು ಎಂದು ನೋಡಿದಾಗ ಹಣಕಾಸಿನ ಜೊತೆಗಿನ ಆ ಬಿಗಿ ನಂಟು ತುಂಬಾ ಸಡಿಲವಾಯಿತು. ಬಡವರ ಜಿಲ್ಲೆಗಳಲ್ಲೂ ಮಕ್ಕಳು ಚುರುಕಾಗಿ ಬೆಳೆಯುತ್ತಿದ್ದರು, ಅನುಕೂಲಸ್ಥರ ಕೆಲವು ಜಿಲ್ಲೆಗಳಲ್ಲಿ ಬೆಳವಣಿಗೆ ನಿಧಾನವಾಗಿತ್ತು.

ಶಿಕಾಗೋ ಇದಕ್ಕೆ ಒಳ್ಳೆಯ ಉದಾಹರಣೆ. ಬಡತನ ಜಾಸ್ತಿ ಇರುವ ಅಲ್ಲಿನ ಸರ್ಕಾರಿ ಶಾಲೆಗಳ ಸರಾಸರಿ ಅಂಕ ಕಡಿಮೆ. ಆದರೆ 2009ರಿಂದ 2014ರ ನಡುವೆ ಅಲ್ಲಿನ ಮಕ್ಕಳು 3ನೇ ಕ್ಲಾಸಿನಿಂದ 8ನೇ ಕ್ಲಾಸಿಗೆ ಬರುವ ಐದು ವರ್ಷದಲ್ಲಿ ದೇಶದ ಸರಾಸರಿಯ ಲೆಕ್ಕದಲ್ಲಿ ಆರು ವರ್ಷದಷ್ಟು ಕಲಿತಿದ್ದರು ಎಂದು ರಿಯರ್ಡನ್ 2017ರಲ್ಲಿ ತೋರಿಸಿದರು. ಬರೀ ಸರಾಸರಿ ನೋಡಿದವರಿಗೆ ಅದು ಕೆಟ್ಟ ಶಾಲೆಗಳ ಊರು.

ನಾಲೆ ನೀರು ಹರಿಯುವ ಮಂಡ್ಯದ ಗದ್ದೆಯನ್ನೂ ಮಳೆ ನಂಬಿದ ಪಾವಗಡದ ಹೊಲವನ್ನೂ ಎಕರೆಗೆ ಎಷ್ಟು ಮೂಟೆ ಎಂದು ಹೋಲಿಸಿ, ಯಾವ ರೈತ ಜಾಣ ಎಂದು ನಾವು ಹೇಳುವುದಿಲ್ಲ, ಅಲ್ವಾ? ಶಾಲೆಯ ವಿಷಯದಲ್ಲಿ ಅದನ್ನೇ ದಿನಾ ಮಾಡುತ್ತೇವೆ.

ಫ್ರೀಮಾಂಟ್, ಕ್ಯುಪರ್ಟಿನೊ ಇರುವ ಬೇ ಏರಿಯಾದಲ್ಲಿ ಇದಕ್ಕೆ ಇನ್ನೊಂದು ಪದರ ಸೇರುತ್ತದೆ. ಅಪ್ಪ ಅಮ್ಮ ಇಬ್ಬರೂ ಎಂಜಿನಿಯರುಗಳಾಗಿರುವ ಮನೆಯ ಮಗು ಶಾಲೆ ಮುಗಿಸಿ ಕುಮಾನ್ ಎಂಬ ಟ್ಯೂಷನ್ ಸೆಂಟರಿಗೆ ಹೋಗುತ್ತದೆ, ವಾರಾಂತ್ಯದಲ್ಲಿ ಇನ್ನೊಂದು ಗಣಿತದ ಕ್ಲಾಸಿಗೆ ಹೋಗುತ್ತದೆ. ಅಲ್ಲಿ ಕಲಿತ ಭಿನ್ನರಾಶಿಯೂ ಶಾಲೆಯ ಖಾತೆಗೇ ಜಮೆಯಾಗುತ್ತದೆ. ಶೇ. 90 ಬಂದ ಶಾಲೆಯಲ್ಲಿ ಟೀಚರುಗಳ ಪಾಲು ಎಷ್ಟು, ಟ್ಯೂಷನ್ನಿನ ಪಾಲು ಎಷ್ಟು ಎಂದು ಆ ಅಂಕಿಯನ್ನು ಎಷ್ಟು ಹೊತ್ತು ನೋಡಿದರೂ ತಿಳಿಯುವುದಿಲ್ಲ.

ಆಮೇಲೆ ಇದೊಂದು ಸುತ್ತು. ಅಂಕ ಜಾಸ್ತಿ ಇರುವ ಕಡೆ ಮನೆ ಬೆಲೆ ಏರುತ್ತದೆ. ಅರ್ಥಶಾಸ್ತ್ರಜ್ಞೆ ಸಾಂಡ್ರಾ ಬ್ಲಾಕ್ 1999ರಲ್ಲಿ ಬಾಸ್ಟನ್ ಸುತ್ತಲಿನ ಊರುಗಳ ಮನೆಗಳನ್ನು ಹೋಲಿಸಿದರು. ಶಾಲೆಯ ಗಡಿಗೆರೆಯ ಆಚೆ ಈಚೆ ಇರುವ ಮನೆಗಳು, ನೆರೆಹೊರೆ ಒಂದೇ, ಶಾಲೆ ಮಾತ್ರ ಬೇರೆ. ಎಲಿಮೆಂಟರಿ ಶಾಲೆಯ ಅಂಕ ಶೇ. 5 ಹೆಚ್ಚಿದ್ದರೆ ಜನ ಮನೆಗೆ ಶೇ. 2ಕ್ಕಿಂತ ಸ್ವಲ್ಪ ಹೆಚ್ಚು ಹಣ ಕೊಡುತ್ತಿದ್ದರು. ಬೆಲೆ ಏರಿದಂತೆ ಅಲ್ಲಿ ಮನೆ ಕೊಳ್ಳಬಲ್ಲವರು ಅನುಕೂಲಸ್ಥರು ಮಾತ್ರ. ಅವರ ಮಕ್ಕಳು ಬಂದ ಮೇಲೆ ಅಂಕ ಇನ್ನೂ ಏರುತ್ತದೆ. ಶಾಲೆಯ ಒಳಗೆ ಏನೂ ಬದಲಾಗದೆ ಈ ಸುತ್ತು ಹೀಗೇ ನಡೆಯಬಹುದು. ಕಡಿಮೆ ಆದಾಯದವರು ಇನ್ನೊಂದು ಕಡೆಗೆ ಸರಿಯುತ್ತಾರೆ, ಅಲ್ಲಿನ ಶಾಲೆಯ ರೇಟಿಂಗ್ ಇಳಿಯುತ್ತದೆ. ನನಗೆ ಇದರಲ್ಲಿ ನೋವು ಕೊಡುವುದು ಈ ಭಾಗ. ಆ ಶಾಲೆಯಲ್ಲಿ ಚೆನ್ನಾಗಿ ಕಲಿಸುವ ಟೀಚರಿಗೆ ಸಿಗುವ ಸಾರ್ವಜನಿಕ ಹೆಸರು "ನಾಲ್ಕು ರೇಟಿಂಗ್ ಶಾಲೆಯವರು" ಎಂಬುದಷ್ಟೇ.

ಅರವತ್ತು ಮಕ್ಕಳ ಲೆಕ್ಕ

"ಕಳೆದ ವರ್ಷ ಶೇ. 58 ಇತ್ತು, ಈ ಸಲ 50. ಶಾಲೆ ಹಾಳಾಗ್ತಾ ಇದೆ." ಇಂಥ ಮಾತು ಕೇಳಿದಾಗ ಮೊದಲು ಕೇಳಬೇಕಾದ್ದು ಎಷ್ಟು ಮಕ್ಕಳು ಬರೆದರು ಎಂದು. ಸಾಧಾರಣ ಎಲಿಮೆಂಟರಿ ಶಾಲೆಯಲ್ಲಿ ಒಂದು ಕ್ಲಾಸಿಗೆ ಅರವತ್ತು ಮಕ್ಕಳು ಇರಬಹುದು. ಅಲ್ಲಿ ಒಂದು ಮಗು ಎಂದರೆ ಶೇ. 1.7. ಐದು ಮಕ್ಕಳು ಗಡಿಯ ಆಚೆ ಈಚೆ ಆದರೆ ಎಂಟು ಅಂಶ ಹೋಯಿತು. ಅದೂ ಅಲ್ಲದೆ ಹೋದ ವರ್ಷದ ಮೂರನೇ ಕ್ಲಾಸಿನ ಮಕ್ಕಳೇ ಬೇರೆ, ಈ ವರ್ಷದವರೇ ಬೇರೆ. ಶಾಲೆ ಒಂದಿಷ್ಟೂ ಬದಲಾಗದಿದ್ದರೂ ಅರವತ್ತು ಮಕ್ಕಳ ಗುಂಪಿನಲ್ಲಿ ಒಂದು ವರ್ಷದಿಂದ ಇನ್ನೊಂದಕ್ಕೆ ಎಂಟು ಒಂಬತ್ತು ಅಂಶ ಏರಿಳಿಯುವುದು ಸಹಜ. ಅದನ್ನು ಸಂಖ್ಯಾಶಾಸ್ತ್ರದ ಸುಲಭ ಸೂತ್ರದಲ್ಲೇ ಲೆಕ್ಕ ಹಾಕಬಹುದು.

ಥಾಮಸ್ ಕೇನ್ ಮತ್ತು ಡಗ್ಲಸ್ ಸ್ಟೇಗರ್ ಎಂಬ ಅರ್ಥಶಾಸ್ತ್ರಜ್ಞರು ನಾರ್ತ್ ಕ್ಯಾರೊಲಿನಾದ ಶಾಲೆಗಳಲ್ಲಿ ಇದನ್ನು 2002ರ ಹೊತ್ತಿಗೆ ವಿವರವಾಗಿ ತೋರಿಸಿದರು. ಅಂಕದ ಪ್ರಕಾರ ಶಾಲೆಗಳ ಪಟ್ಟಿ ಮಾಡಿದರೆ ಮೇಲ್ತುದಿಯಲ್ಲಿ ಸಣ್ಣ ಶಾಲೆಗಳು ಜಾಸ್ತಿ ಇದ್ದವು. ಪಟ್ಟಿಯ ತಳದಲ್ಲೂ ಸಣ್ಣ ಶಾಲೆಗಳೇ ಜಾಸ್ತಿ. ಮಕ್ಕಳು ಕಡಿಮೆ ಇದ್ದಷ್ಟೂ ಅಂಕಿ ಹೆಚ್ಚು ಕುಣಿಯುತ್ತದೆ.

ಒಂದೇ ಮಗುವಿನ ಅಂಕದಲ್ಲೂ ಹೀಗೆ ಆಚೆ ಈಚೆ ಇರುತ್ತದೆ. ಅದೇ ಮಗು ಮರುದಿನ ಬರೆದರೆ 20-30 ಅಂಕ ಹೆಚ್ಚು ಕಡಿಮೆ ಆಗಬಹುದು. 2430 ಬಂದ ಮಗನನ್ನೂ 2440 ಬಂದ ಪಕ್ಕದ ಮನೆಯ ಹುಡುಗಿಯನ್ನೂ ಹೋಲಿಸಿ ಬೈಯುವುದಕ್ಕೆ ಆಧಾರವೇ ಇಲ್ಲ.

ಮನೆ ಮಾತು ಕನ್ನಡ ಎಂದು ಬರೆದರೆ

ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಗೆ ಮೊದಲ ಸಲ ಸೇರಿಸುವಾಗ ಮನೆ ಮಾತಿನ ಬಗ್ಗೆ ಒಂದು ಫಾರಂ ಕೊಡುತ್ತಾರೆ. ಮಗು ಮೊದಲು ಕಲಿತ ಭಾಷೆ ಯಾವುದು, ಮನೆಯಲ್ಲಿ ಹೆಚ್ಚು ಆಡುವ ಭಾಷೆ ಯಾವುದು ಎಂಬ ತರಹದ ಪ್ರಶ್ನೆಗಳು. ಅಲ್ಲಿ ಕನ್ನಡ ಎಂದು ಬರೆದರೆ 30 ದಿನದೊಳಗೆ ಮಗುವಿಗೆ ಎಲ್‌ಪ್ಯಾಕ್ ಎಂಬ ಇಂಗ್ಲಿಷ್ ಪರೀಕ್ಷೆ ಮಾಡುತ್ತಾರೆ. ಇಂಗ್ಲಿಷ್ ಚೆನ್ನಾಗಿದ್ದರೆ ಅಲ್ಲಿಗೆ ಮುಗಿಯಿತು. ಇಲ್ಲದಿದ್ದರೆ "ಇಂಗ್ಲಿಷ್ ಕಲಿಯುತ್ತಿರುವ ಮಗು" ಎಂದು ಗುರುತಿಸಿ ಹೆಚ್ಚಿನ ಇಂಗ್ಲಿಷ್ ಪಾಠ ಕೊಡುತ್ತಾರೆ, ಪ್ರತಿ ವರ್ಷ ಮತ್ತೆ ಪರೀಕ್ಷಿಸುತ್ತಾರೆ. ಅದು ಮಗುವಿಗೆ ಸಿಗುವ ಸಹಾಯ. ಕನ್ನಡ ಎಂದು ನಿಜ ಬರೆಯಲು ಹೆದರಬೇಕಾಗಿಲ್ಲ.

ಶಾಲೆಯ ಅಂಕ ಓದುವವರು ಈ ಗುಂಪಿನ ಬಗ್ಗೆ ಒಂದು ಸಂಗತಿ ತಿಳಿದಿರಬೇಕು. ಮಗು ಇಂಗ್ಲಿಷ್ ಚೆನ್ನಾಗಿ ಕಲಿತ ತಕ್ಷಣ ಅದನ್ನು ಆ ಗುಂಪಿನಿಂದ ಹೊರಗೆ ತೆಗೆಯುತ್ತಾರೆ. ಹೊಸದಾಗಿ ಬಂದ, ಇಂಗ್ಲಿಷ್ ಬಾರದ ಮಕ್ಕಳು ಒಳಗೆ ಸೇರುತ್ತಾರೆ. ಹಾಗಾಗಿ ಆ ಗುಂಪಿನ ಅಂಕ ಯಾವಾಗಲೂ ಕಡಿಮೆಯೇ ಇರುತ್ತದೆ. ಶಾಲೆ ಎಷ್ಟು ಚೆನ್ನಾಗಿ ಕಲಿಸಿದರೆ ಅಷ್ಟು ಬೇಗ ಒಳ್ಳೆಯ ಅಂಕದವರು ಗುಂಪಿನಿಂದ ಹೊರಗೆ! ಇದನ್ನು ಸರಿತೂಗಿಸಲು ಡ್ಯಾಶ್‌ಬೋರ್ಡ್‌ನಲ್ಲಿ ಇತ್ತೀಚಿನ ನಾಲ್ಕು ವರ್ಷಗಳಲ್ಲಿ ಹೊರಬಂದವರನ್ನೂ ಜೊತೆಗೆ ಸೇರಿಸಿ ಲೆಕ್ಕ ಹಾಕುತ್ತಾರೆ. ಹೊರಗೆ ಬಂದ ಮಕ್ಕಳ ಅಂಕವನ್ನು ಬೇರೆಯಾಗಿ ನೋಡಿದರೆ, ಎಲಿಮೆಂಟರಿ ಕ್ಲಾಸುಗಳಲ್ಲಿ ಅವರು ಎಷ್ಟೋ ಸಲ ಬರೀ ಇಂಗ್ಲಿಷ್ ಮನೆಗಳ ಮಕ್ಕಳಿಗಿಂತ ಮೇಲಿರುತ್ತಾರೆ.

ಅಂಕಿಗೆ ಒತ್ತಡ ಬಿದ್ದಾಗ

2002ರ ಕಾನೂನು 2014ರ ಹೊತ್ತಿಗೆ ನೂರಕ್ಕೆ ನೂರು ಮಕ್ಕಳು ಗಡಿ ದಾಟಿರಬೇಕು ಎಂದಿತ್ತು. ಗುರಿ ತಪ್ಪಿದ ಶಾಲೆಗಳ ಮೇಲೆ ಕ್ರಮ ಇತ್ತು. ಆಗ ಏನಾಯಿತು ಎಂದು ಜೆನಿಫರ್ ಬೂಹರ್-ಜೆನ್ನಿಂಗ್ಸ್ ಎಂಬ ಸಮಾಜಶಾಸ್ತ್ರಜ್ಞೆ ಟೆಕ್ಸಸ್‌ನ ಒಂದು ಎಲಿಮೆಂಟರಿ ಶಾಲೆಯ ಒಳಗೆ ನೋಡಿ 2005ರಲ್ಲಿ ಬರೆದರು. ಮಕ್ಕಳನ್ನು ಹೇಗೂ ದಾಟುವವರು, ಸ್ವಲ್ಪ ತಳ್ಳಿದರೆ ದಾಟುವವರು, ಏನು ಮಾಡಿದರೂ ದಾಟದವರು ಎಂದು ವಿಂಗಡಿಸಿ, ನಡುವಿನವರಿಗೆ ಮಾತ್ರ ಹೆಚ್ಚಿನ ಸಮಯ ಕೊಡುತ್ತಿದ್ದರು. ಶಿಕಾಗೋದ ಅಂಕಗಳ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲೂ ನಡುವಿನ ಮಕ್ಕಳ ಅಂಕ ಏರಿತ್ತು, ತೀರಾ ಹಿಂದುಳಿದವರಿಗೆ ಲಾಭ ಆಗಿರಲಿಲ್ಲ. ಆ ಟೀಚರುಗಳನ್ನು ಕೆಟ್ಟವರು ಎಂದು ನಾನು ಹೇಳಲಾರೆ. ಗಡಿ ದಾಟಿದವರನ್ನು ಮಾತ್ರ ಎಣಿಸುತ್ತೇವೆ ಎಂದು ಮೇಲಿನವರು ಹೇಳಿದರೆ ಕೆಳಗಿನವರು ಗಡಿಯ ಹತ್ತಿರದವರನ್ನೇ ನೋಡುತ್ತಾರೆ.

ಅಟ್ಲಾಂಟಾದಲ್ಲಿ ಅದಕ್ಕಿಂತ ಮುಂದೆ ಹೋಯಿತು. ಅಲ್ಲಿನ ಶಾಲೆಗಳ ಅಂಕ ವರ್ಷ ವರ್ಷ ಏರಿ, ಆ ಶಾಲೆಗಳೆಲ್ಲದರ ಮೇಲಧಿಕಾರಿಯಾಗಿದ್ದ ಸೂಪರಿಂಟೆಂಡೆಂಟ್ ಬೆವರ್ಲಿ ಹಾಲ್ 2009ರಲ್ಲಿ ರಾಷ್ಟ್ರಮಟ್ಟದ ಪ್ರಶಸ್ತಿ ಪಡೆದರು. ಉತ್ತರ ಪತ್ರಿಕೆಗಳಲ್ಲಿ ತಪ್ಪು ಅಳಿಸಿ ಸರಿ ಮಾಡಿದ ಗುರುತುಗಳು ಅಸಹಜವಾಗಿ ಹೆಚ್ಚಿದ್ದವು. 2011ರ ತನಿಖಾ ವರದಿ 44 ಶಾಲೆಗಳಲ್ಲಿ ಮೋಸ ನಡೆದಿದೆ, 178 ಶಿಕ್ಷಕರು ಮತ್ತು ಮುಖ್ಯಸ್ಥರು ಅದರಲ್ಲಿದ್ದಾರೆ ಎಂದಿತು. 2015ರಲ್ಲಿ 11 ಮಂದಿಗೆ ಶಿಕ್ಷೆ ಆಯಿತು. ಇದರಲ್ಲಿ ಹೆಚ್ಚು ಕಳೆದುಕೊಂಡವರು ಮಕ್ಕಳು. ಅಂಕ ಚೆನ್ನಾಗಿದೆ ಎಂದು ಕಾಗದದಲ್ಲಿ ಇದ್ದುದರಿಂದ ಅವರಿಗೆ ಸಿಗಬೇಕಿದ್ದ ಹೆಚ್ಚುವರಿ ಪಾಠ ಸಿಗಲಿಲ್ಲ.

ಹಾಗೆಂದು ಟೆಸ್ಟೇ ಬೇಡ ಎನ್ನುವವರ ಜೊತೆ ನಾನಿಲ್ಲ. ಆ ಕಾನೂನಿನಿಂದ ಒಂದು ದೊಡ್ಡ ಉಪಕಾರ ಆಗಿದೆ. ಪ್ರತಿ ಶಾಲೆಯೂ ಬಡ ಮಕ್ಕಳು, ಕಪ್ಪು ಮಕ್ಕಳು, ಅಂಗವೈಕಲ್ಯ ಇರುವ ಮಕ್ಕಳು, ಇಂಗ್ಲಿಷ್ ಕಲಿಯುವ ಮಕ್ಕಳ ಅಂಕವನ್ನು ಬೇರೆ ಬೇರೆಯಾಗಿ ತೋರಿಸಬೇಕಾಯಿತು. ಅದಕ್ಕೆ ಮೊದಲು ಒಳ್ಳೆಯ ಸರಾಸರಿಯ ಹಿಂದೆ ಈ ಮಕ್ಕಳು ಮರೆಯಾಗಿಬಿಡುತ್ತಿದ್ದರು.

ಹಾಗಾದರೆ ಏನು ನೋಡಬೇಕು

ಆ ಗುಂಪುಗಳ ಅಂಕವನ್ನೇ ಮೊದಲು ನೋಡಿ ಎಂದು ನಾನು ಹೇಳುತ್ತೇನೆ. ಟೆಸ್ಟಿನ ಫಲಿತಾಂಶದ ಸರ್ಕಾರಿ ಸೈಟಿನಲ್ಲಿ ಶಾಲೆಯ ಹೆಸರು ಹಾಕಿದರೆ ಕ್ಲಾಸುವಾರು, ಗುಂಪುವಾರು ಎಲ್ಲ ಸಿಗುತ್ತದೆ. ಹತ್ತು ಅಥವಾ ಅದಕ್ಕಿಂತ ಕಡಿಮೆ ಮಕ್ಕಳಿರುವ ಗುಂಪಿನ ಅಂಕ ಮಾತ್ರ ತೋರಿಸುವುದಿಲ್ಲ, ಮಕ್ಕಳ ಗುರುತು ಸಿಗಬಾರದು ಎಂದು. ಕಡಿಮೆ ಆದಾಯದ ಮಕ್ಕಳನ್ನು ಎರಡು ಶಾಲೆಗಳಲ್ಲಿ ಹೋಲಿಸಿ. ಒಟ್ಟು ಸರಾಸರಿ ಶೇ. 85 ಇರುವ ಶಾಲೆಯಲ್ಲಿ ಆ ಮಕ್ಕಳು ಶೇ. 30ರಲ್ಲಿದ್ದು, ಶೇ. 55 ಇರುವ ಶಾಲೆಯಲ್ಲಿ ಅವರು ಶೇ. 45 ಇದ್ದರೆ, ಮನೆಯ ಬೆಂಬಲ ಇಲ್ಲದ ಮಗುವಿಗೆ ಯಾವ ಶಾಲೆ ಹೆಚ್ಚು ಕಲಿಸುತ್ತಿದೆ ಎಂದು ಗೊತ್ತಾಗುತ್ತದೆ.

ಆಮೇಲೆ ಓರೆಯಾಗಿ ಓದಿ. 2022ರ 3ನೇ ಕ್ಲಾಸು, 2023ರ 4ನೇ ಕ್ಲಾಸು, 2024ರ 5ನೇ ಕ್ಲಾಸು. ಇವರು ಬಹುಪಾಲು ಒಂದೇ ಮಕ್ಕಳು. ಅವರ ಸರಾಸರಿ ಅಂಕ ಗಡಿಗಿಂತ ವೇಗವಾಗಿ ಏರುತ್ತಿದೆಯೇ ಎಂದು ನೋಡಿ. ಗಣಿತದಲ್ಲಿ ಗಡಿ ಮೊದಲ ವರ್ಷ 49, ಎರಡನೇ ವರ್ಷ 43 ಏರುತ್ತದೆ ಎಂಬುದು ಹೋಲಿಕೆಗೆ ಸಾಕು. ಮನೆ ಬದಲಿಸುವ ಕುಟುಂಬಗಳಿಂದ ಸ್ವಲ್ಪ ಏರುಪೇರಾಗುತ್ತದೆ. ಆದರೂ ಒಂದೇ ವರ್ಷದ ಶೇಕಡಾಗಿಂತ ಇದು ಹೆಚ್ಚು ನಂಬಿಕೆಗೆ ಯೋಗ್ಯ. ಒಂದು ತಂಡದ ಬದಲು ಎರಡು ಮೂರು ತಂಡಗಳನ್ನು ನೋಡಿದರೆ ಇನ್ನೂ ಒಳ್ಳೆಯದು.

ಎಷ್ಟು ಮಕ್ಕಳು ಟೆಸ್ಟ್ ಬರೆದರು ಎಂಬುದೂ ಮುಖ್ಯ. ಕ್ಯಾಲಿಫೋರ್ನಿಯಾದಲ್ಲಿ ತಂದೆ ತಾಯಿ ಬರೆದುಕೊಟ್ಟರೆ ಮಗು ಟೆಸ್ಟ್ ಬಿಡಬಹುದು. ಕಾನೂನು ಶೇ. 95 ಮಕ್ಕಳು ಬರೆಯಬೇಕು ಎನ್ನುತ್ತದೆ. ಅದಕ್ಕಿಂತ ಕಡಿಮೆ ಆದರೆ ಡ್ಯಾಶ್‌ಬೋರ್ಡ್‌ನಲ್ಲಿ ಆ ಕೊರತೆಯಷ್ಟು ಮಕ್ಕಳಿಗೆ ಕನಿಷ್ಠ ಅಂಕ ಹಾಕಿ ಲೆಕ್ಕ ಮಾಡುತ್ತಾರೆ, ಶಾಲೆಯ ಸರಾಸರಿ ಇಳಿಯುತ್ತದೆ.

ಟೆಸ್ಟಿನಲ್ಲಿ ಇಲ್ಲದ ವಿಷಯಗಳಿಗೆ ಶಾಲೆಗೇ ಹೋಗಬೇಕು. ಸಂಗೀತ, ಚಿತ್ರಕಲೆ, ಸಮಾಜ ವಿಜ್ಞಾನಕ್ಕೆ ವಾರಕ್ಕೆ ಎಷ್ಟು ಹೊತ್ತು ಕೊಡುತ್ತಾರೆ? ಎಷ್ಟು ಟೀಚರುಗಳು ವರ್ಷ ವರ್ಷ ಬಿಟ್ಟು ಹೋಗುತ್ತಾರೆ? ಓದಲು ಕಷ್ಟಪಡುವ ಒಂದನೇ ಕ್ಲಾಸಿನ ಮಗುವನ್ನು ಯಾವಾಗ ಗುರುತಿಸುತ್ತಾರೆ, ಯಾರು ಕೂತು ಕಲಿಸುತ್ತಾರೆ? ಈ ಕೊನೆಯ ಪ್ರಶ್ನೆಗೆ ಪ್ರಿನ್ಸಿಪಾಲರು ಹೆಸರು, ಸಮಯ, ವಿಧಾನ ಸಮೇತ ಉತ್ತರ ಕೊಟ್ಟರೆ, ರೇಟಿಂಗ್ 6 ಇದ್ದರೂ ಆ ಶಾಲೆಗೆ ನನ್ನ ಮಗುವನ್ನು ಧೈರ್ಯವಾಗಿ ಕಳಿಸುತ್ತೇನೆ.